ಪೊಲೀಸರು ಬಾರದ ಪ್ರಮಾಣಪತ್ರ

ಅಮೆರಿಕದ ಓಹಾಯೊದ ಬೆಲ್‌ಹೇವನ್ ನಗರಸಭೆಯು ದೇವರ ಕೃಪೆಯಿಂದಲೂ ಏಳು ಸಭೆಗಳ ಚರ್ಚೆಯಿಂದಲೂ ಒಂದು ನಿಯಮವನ್ನು ಅಂಗೀಕರಿಸಿತು: ಪೊಲೀಸರ ಬದಲು ಓಣಿಯ ಯುವಜನರೇ ಹೋಗಿ ಶಾಂತಿ ಮೂಡಿಸಿದ ಪ್ರತಿ ಪ್ರಕರಣದಲ್ಲೂ, ಪೊಲೀಸರು ಬಂದಿರಲಿಲ್ಲವೆಂದು ಸ್ಥಳದಲ್ಲಿ ಹಾಜರಿದ್ದ ಪೊಲೀಸರೇ ದೃಢೀಕರಿಸತಕ್ಕದ್ದು.

ಯುವಜನರ ಸಂಘ ಕಟ್ಟಿದ ಶನೀಸ್‌ಗೆ ಹತ್ತೊಂಬತ್ತು ವರ್ಷ. ಚರ್ಚಿಗೆ ಬಂದವರನ್ನು ಕೂರಿಸುವ ಸೇವೆ ಅವಳದು. ಕೈಗೆ ಬಿಳಿ ಗವಸು, ರಟ್ಟಿನ ಬೀಸಣಿಗೆ. ಅಲ್ಲಿ ಪವಿತ್ರಾತ್ಮ ಮೈದುಂಬಿ ಕೂಗಿ ಕುಣಿಯುವವರನ್ನು ಯಾರೂ ಹಿಡಿದು ಕೆಡವುವುದಿಲ್ಲ. ಸುತ್ತ ನಿಂತು ಗಾಳಿ ಬೀಸುತ್ತಾರೆ, ಮೆಲ್ಲಗೆ ಕುರ್ಚಿಗೆ ತರುತ್ತಾರೆ. ಬೀದಿಯಲ್ಲೂ ಅಷ್ಟೇ ಸಾಕೆಂದು ಸಂಘ ನಂಬಿತ್ತು.

ಅದೇ ಓಣಿಯ ಲೂಷಸ್ ಮಾಮನಿಗೆ ಮನಸ್ಸು ಕಲಕಿದ ದಿನ ಬಸ್ಸುಗಳಿಗೆ ಉಪದೇಶ ಮಾಡುವ ಅಭ್ಯಾಸ. ಹಿಂದಿನ ಸಲ ಪೊಲೀಸರು ಕೋಳ ತೊಡಿಸಿದಾಗ ಮುರಿದ ಮಣಿಕಟ್ಟು ಇನ್ನೂ ಕೂಡಿರಲಿಲ್ಲ. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲವೆಂದು ಶನೀಸ್ ಅವನ ತಾಯಿ ಒಡೆಲ್ಲಾಗೆ ಮಾತು ಕೊಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಮಾಮ ನಲವತ್ತೊಂದನೇ ನಂಬರ್ ಬಸ್ಸನ್ನು ಅಡ್ಡಗಟ್ಟಿ ಪಶ್ಚಾತ್ತಾಪಕ್ಕೆ ಕರೆದ. ಶನೀಸ್ ಮಡಚುವ ಕುರ್ಚಿ, ಎರಡು ಬೀಸಣಿಗೆ ಎತ್ತಿಕೊಂಡು ಓಡಿದಳು. ನಿಯಮದಂತೆ, ಬಾರದಿರುವುದಕ್ಕಾಗಿ ಇಬ್ಬರು ಪೊಲೀಸರೂ ಬಂದರು. ಹಿರಿಯನಾದ ಬ್ರನ್ನರ್‌ನ ಕೈ ರೂಢಿಯಂತೆ ಕೋಳಕ್ಕೆ ಹೋಯಿತು. ಮಾಮ ಮುರಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಸಾರ್, ನೀವು ಬಂದಿದ್ದೀರಾ?" ಎಂದಳು ಶನೀಸ್.

ಬ್ರನ್ನರ್ ಕೈಯಲ್ಲಿದ್ದ ಪ್ರಮಾಣಪತ್ರದ ನಮೂನೆ ನೋಡಿಕೊಂಡ. "ಇಲ್ಲಮ್ಮ. ಬಂದಿಲ್ಲ ಅಂತ ಆಗ್ಲೇ ಬರ್ದಾಗಿದೆ."

"ಮತ್ತೆ ಆ ಕೋಳ ಯಾರ ಕೈಲಿದೆ?"

ಬ್ರನ್ನರ್ ಯೋಚಿಸಿದ. ಬಾರದವನು ಬಂಧಿಸಿದರೆ ಹದಿನೇಳು ಪುಟ ವಿವರಣೆ; ಬಾರದೆ ಸುಮ್ಮನಿದ್ದರೆ ದೃಢೀಕರಣದ ಕೆಲಸಕ್ಕೆಂದು ಒಂದೂವರೆ ಪಟ್ಟು ಭತ್ಯೆ. ದೇವರು ಯಾವ ಯಾವ ದಾರಿಯಲ್ಲಿ ಬುದ್ಧಿ ಕೊಡುತ್ತಾನೋ. ಕೋಳ ಸೊಂಟಕ್ಕೆ ಮರಳಿತು.

"ಹಾಗಾದ್ರೆ ಕಂಬದ ಥರ ನಿಲ್ಬೇಡಿ, ಬೀಸಿ," ಎಂದು ಶನೀಸ್ ಅವನಿಗೊಂದು ಬೀಸಣಿಗೆ ಕೊಟ್ಟಳು. ಮಾಮ ಕುರ್ಚಿಯಲ್ಲಿ ಕೂತ. ಬಸ್ಸು ಪಶ್ಚಾತ್ತಾಪವಿಲ್ಲದೆ ಮುಂದೆ ಹೋಯಿತು.

ಭತ್ಯೆಯ ಸುದ್ದಿ ಠಾಣೆಯಲ್ಲಿ ಹರಡಿತು. ಮರುವಾರ ಒಂಬತ್ತು ಮಂದಿ ಬಾರದಿರಲು ಬಂದರು. ತಿಂಗಳು ಕಳೆಯುವಷ್ಟರಲ್ಲಿ ಇಪ್ಪತ್ತಾರು, ಮೇಲಧಿಕಾರಿ ಸಮೇತ. ನಗರಸಭೆ ಪ್ರಕಟಣೆ ಹೊರಡಿಸಿತು: "ಗೈರುಹಾಜರಾಗಲು ಬರುವವರು ಸರತಿಯಲ್ಲಿ ನಿಲ್ಲತಕ್ಕದ್ದು. ಕುರ್ಚಿಯನ್ನು ತಾವೇ ತರತಕ್ಕದ್ದು." ಒಡೆಲ್ಲಾ ಎಲ್ಲರಿಗೂ ಪೀಚ್ ಹಣ್ಣಿನ ಸಿಹಿತಿನಿಸು ಕಾಬ್ಲರ್ ಬಡಿಸಿದಳು. ಬಾರದವರ ಹಸಿವು ದೊಡ್ಡದಿತ್ತು.

ಪ್ರಮಾಣಪತ್ರಕ್ಕೆ ನಾಗರಿಕ ಸಾಕ್ಷಿಯೊಬ್ಬರ ರುಜು ಬೇಕಿತ್ತು. ಲೂಷಸ್ ಮಾಮ ಕೂಡಿಬಂದ ಕೈಯಲ್ಲಿ ಪೆನ್ನು ಹಿಡಿದು, ಓಣಿಯುದ್ದಕ್ಕೂ ಗಾಳಿ ಬೀಸುತ್ತಿದ್ದ ಪೊಲೀಸರ ನೀಲಿ ಅಂಗಿಗಳನ್ನು ಒಂದೊಂದಾಗಿ ನೋಡಿದ.

"ಒಬ್ರೂ ಕಾಣ್ತಿಲ್ಲಪ್ಪ," ಎಂದು ರುಜು ಹಾಕಿದ.

ಒಡೆಲ್ಲಾ ಆಮೆನ್ ಅಂದಳು. ಇಪ್ಪತ್ತಾರು ಮಂದಿಯೂ ಆಮೆನ್ ಅಂದರು.