ಖಡಕ್ ರೊಟ್ಟಿಯಷ್ಟು ಒಣ

ಇದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಹೈದರಾಬಾದಿನಲ್ಲಿ ನಡೆದದ್ದು. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ಇಬ್ಬರು ಹುಡುಗಿಯರು ಸಾಫ್ಟ್‌ವೇರ್‌ನವರು. ಅವರ ಆಫೀಸಿನಲ್ಲಿ ತಮಾಷೆ ಅಪರೂಪ. ನನಗೆ ವಾರಕ್ಕೊಂದಾದರೂ ಆಗುತ್ತಿತ್ತು. ಗಂಡಸರ ಒಳ ಉಡುಪಿನ ಬಗ್ಗೆ ಗಂಭೀರವಾಗಿ ವಿಚಾರಿಸುತ್ತ ತಿರುಗುವವಳಿಗೆ ಆಗದೆ ಇರುತ್ತದೆಯೇ?

ನಾನು ಓದಿದ್ದು ಎಂ.ಎಸ್ಸಿ. ಕೆಮಿಸ್ಟ್ರಿ. ನಾಚಾರಂನ ಸಣ್ಣ ಕಂಪನಿಯೊಂದರಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದೆ. ಕಾರ್ಖಾನೆಗಳ ಕೊಳಕು ನೀರಿನ ತೊಟ್ಟಿಯಲ್ಲಿ ವಾಲ್ವ್ ಕಟ್ಟಿಕೊಂಡರೆ ನಮ್ಮ ಡೈವರ್ ಇಳಿದು ಬಿಡಿಸುತ್ತಿದ್ದ. ಆ ನೀರು ಮೈಗೆ ತಾಗಬಾರದು. ಅದಕ್ಕೇ ಡ್ರೈಸೂಟ್: ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾಗಿ ಕೂರುವ ರಬ್ಬರ್ ಉಡುಪು. ಹನಿ ನೀರೂ ಒಳಗೆ ಹೋಗದು. ಆದರೆ ಅದನ್ನು ಮಾಡಿದ್ದು ತಣ್ಣನೆಯ ಸಮುದ್ರಗಳಿಗೆ. ಜೊತೆಗೆ ಬಂದಿದ್ದ ಒಳ ಉಡುಪು ರಜಾಯಿಯಷ್ಟು ದಪ್ಪ. ನಮ್ಮ ತೊಟ್ಟಿಯ ನೀರೋ ಸ್ನಾನಕ್ಕೆ ಕಾಯಿಸಿಟ್ಟ ಹಾಗೆ. ಅದನ್ನು ಹಾಕಿದರೆ ಡೈವರ್ ಕುಕ್ಕರಿನ ಬೇಳೆಯಂತೆ ಬೇಯುತ್ತಿದ್ದ. ಏನೂ ಹಾಕದಿದ್ದರೆ ರಬ್ಬರ್ ಚರ್ಮವನ್ನು ಕಚ್ಚುತ್ತಿತ್ತು.

"ನುವ್ವು ಸೈನ್ಸ್ ಕದಮ್ಮಾ, ನುವ್ವೇ ಚೂಡು," ಎಂದರು ನಮ್ಮ ಸಾರ್. ಸೈನ್ಸ್ ಓದಿದವಳು ನೀನೇ ನೋಡು ಅಂತ. ನೋಡಲು ಹೊರಟೆ.

ಅಂಗಡಿ

ಕೂಕಟ್‌ಪಲ್ಲಿಯ ಅಂಗಡಿಯಲ್ಲಿ ತುಂಬುತೋಳಿನ ತೆಳು ಬನಿಯನ್, ಪಾದದವರೆಗಿನ ಪೈಜಾಮ ಕೇಳಿದೆ. ಹತ್ತಿಯದು ಬೇಡ, ಬೇಗ ಒಣಗಬೇಕು ಎಂದೆ.

"ಯಾರಿಗೆ ಮೇಡಂ?"

"ನೀರಿಗೆ ಇಳಿಯುವವರಿಗೆ."

"ಈಜುವ ಚಡ್ಡಿ ಕೊಡಲಾ?"

"ಬೇಡ. ಅವರು ಒದ್ದೆಯಾಗುವುದಿಲ್ಲ."

"ನೀರಿಗೆ ಇಳೀತಾರೆ, ಒದ್ದೆ ಆಗಲ್ಲ?"

"ಇಲ್ಲ."

"ಮತ್ತೆ ಬೇಗ ಒಣಗೋದು ಯಾಕೆ?"

"ಬೆವರುತ್ತಾರಲ್ಲ."

"ನೀರೊಳಗೆ?"

"ಹೌದು."

ಅವನು ಕುರ್ಚಿ ತಂದು ಫ್ಯಾನಿನ ಕೆಳಗೆ ಹಾಕಿದ. "ಕೂತ್ಕೊಳ್ಳಿ ಮೇಡಂ, ಮೊದಲು ಸ್ವಲ್ಪ ನೀರು ಕುಡೀರಿ. ಹೊರಗೆ ಬಿಸಿಲು ಜಾಸ್ತಿ."

ತಾರಸಿ

ನಾಲ್ಕು ಬಗೆಯವು ಸಿಕ್ಕವು. ನಮ್ಮ ಲ್ಯಾಬಿನಲ್ಲಿ ಎಸಿ, ಅಲ್ಲಿ ಒಣಗಿಸಿದರೆ ಲೆಕ್ಕ ತಪ್ಪುತ್ತದೆ. ಫ್ಲ್ಯಾಟಿನ ತಾರಸಿಯಲ್ಲಿ ನಾಲ್ಕನ್ನೂ ಅದ್ದಿ, ನಂಬರ್ ಚೀಟಿ ಚುಚ್ಚಿ, ನೇತುಹಾಕಿ, ಆಗಾಗ ತೂಗುತ್ತಿದ್ದೆ. ಮನೆ ಮಾಲೀಕರ ಹೆಂಡತಿ ಹಪ್ಪಳ ಒಣಹಾಕಲು ಬಂದರು. ಗಂಡಸರು ಈ ಮಹಡಿಗೆ ಕಾಲಿಡಬಾರದು ಎಂಬುದು ಅವರ ಕಾನೂನು.

"ಯಾರವಮ್ಮಾ ಇವು?"

"ಒಬ್ಬರಿಗೆ ಯಾವುದು ಸರಿಹೋಗುತ್ತದೆ ಅಂತ ನೋಡುತ್ತಿದ್ದೇನೆ ಆಂಟಿ."

"ಅವರಿಗೆ ಮದುವೆ?"

"ಆಗಿದೆ. ಈಚೆಗೆ."

ಆಂಟಿ ಹಪ್ಪಳದ ತಟ್ಟೆ ಕೆಳಗಿಟ್ಟರು. "ಆ ಹುಡುಗಿಗೆ ಗೊತ್ತಾ?"

"ಇಲ್ಲ. ಮೊದಲು ಇವು ಒಣಗಲಿ, ಆಮೇಲೆ ಹೇಳಿದರಾಯಿತು."

ಮೂರನೇ ನಂಬರಿನದು ಎಲ್ಲಕ್ಕಿಂತ ಬೇಗ ಒಣಗಿತು. ಆಂಟಿ ನನ್ನ ಜೊತೆಯ ಹುಡುಗಿಯರನ್ನು ಕರೆದು ನಮ್ಮ ಅಮ್ಮನ ಫೋನ್ ನಂಬರ್ ಕೇಳಿದರಂತೆ.

ಬದನೆಕಾಯಿ ಬಣ್ಣ

ಡೈವರ್ ಸುರಪುರದ ಕಡೆಯವ. ಬಾವಿಗೆ ಧುಮುಕಿ ಕಲಿತವ. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಮೂರನೇ ನಂಬರ್ ಹಾಕಿಕೊಂಡು ಜೀಡಿಮೆಟ್ಲಾದ ತೊಟ್ಟಿಗೆ ಇಳಿದ. ಮೇಲೆ ಬಂದವನೇ ದಂಡೆಯಲ್ಲಿ ಕುಸಿದ. ಮುಖ ಕೆಂಪು. ಜಿಪ್ ಎಳೆದೆವು. ಒಳಗೆ ನನ್ನ ಮೂರನೇ ನಂಬರ್ ಕಾಣಲಿಲ್ಲ. ಅದರ ಮೇಲೆ ಬದನೆಕಾಯಿ ಬಣ್ಣದ ಉಣ್ಣೆಯ ಸ್ವೆಟರ್ ಇತ್ತು.

ತಲೆಗೆ ನೀರು ಹೊಯ್ದ ಮೇಲೆ ಕಣ್ಣು ಬಿಟ್ಟ. "ಮನ್ಯಾಕಿ ಹೆಣದಾಳ್ರಿ ಅಕ್ಕಾರ. ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ."

"ಇಲ್ಲಿ ಬಂದು ತೆಗೆದಿಡಬಹುದಿತ್ತಲ್ಲ?"

"ಸಂಜೀಕ ಮೂಸಿ ನೋಡತಾಳ್ರಿ, ಹಾಕ್ಕೊಂಡಿದ್ನೋ ಇಲ್ಲೋ ಅಂತ."

ಇನ್ನೊಮ್ಮೆ ಹೀಗಾದರೆ ನೀರಿಗಿಳಿಯುವುದು ಬಂದ್, ಮೇಲೆ ನಿಂತು ಹಗ್ಗ ಹಿಡಿಯುವ ಕೆಲಸ ಅಷ್ಟೇ ಎಂದರು ಸಾರ್. ಡೈವರ್‌ಗೆ ಕಣ್ಣಲ್ಲಿ ನೀರೇ ಬಂತು. "ನಾ ಮುಳುಗವ ಅಕ್ಕಾರ. ದಂಡೀ ಮ್ಯಾಲ ನಿಂತು ಏನ್ ಮಾಡ್ಲಿ? ಆಕಿಗೆ ನೀವ ಹೇಳ್ರಿ. ನಾ ಹೇಳಿದ್ರ ಅಳತಾಳ."

"ನಾನು ಹೇಳಿದರೆ ಅಳುವುದಿಲ್ಲವೇ?"

"ನಿಮ್ಮ ಮುಂದ ಅಳಂಗಿಲ್ರಿ. ನೀವು ಹ್ವಾದ ಮ್ಯಾಲ ಅಳತಾಳ."

ಒಣಾ ಅಂದ್ರ ಎಷ್ಟು ಒಣಾ

ಅವರ ಕೋಣೆಗೆ ಹೋದೆ. ಆಕೆ ನನಗಿಂತ ಚಿಕ್ಕವಳು. ರೊಟ್ಟಿ ಬಡಿಯುತ್ತಿದ್ದಳು. ಸೂಟಿನ ಬಗ್ಗೆ ವಿವರಿಸಿದೆ.

"ಡ್ರೈ ಅಂದ್ರ ಒಣಾ ಅಲ್ರಿ? ಒಣಾ ಇರಾಕ ನೀರಾಗ ಯಾಕ ಇಳೀಬೇಕ್ರಿ?"

ಒಳ್ಳೆಯ ಪ್ರಶ್ನೆ. ನೀರೇ ಬಿಸಿ, ಸ್ವೆಟರ್ ಬೇಡ ಎಂದೆ.

ಆಕೆಯ ಕೈ ನಿಂತಿತು. "ಮದುವಿ ಆದ ಹೊಸದಾಗ ಇವ್ರು ವಾರಗಟ್ಲೆ ಕೆಮ್ಮಿದ್ರು ಅಕ್ಕಾರ. ಬಾಜೂ ಕುಂತು ಕೇಳಿದಾಕಿ ನಾ. ನೀರ ಒಳಗ ಹೋಗೂದಿಲ್ಲಂತ ನೀವು ನೋಡೀರೇನ್ರಿ?"

"ಪರೀಕ್ಷೆ ಮಾಡಿದ್ದೇನೆ. ಒಣಗಿಯೇ ಇರುತ್ತದೆ."

ಆಕೆ ಪುಟ್ಟಿಯಿಂದ ಖಡಕ್ ರೊಟ್ಟಿಯೊಂದನ್ನು ತೆಗೆದು ಬೆರಳಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. "ಇಷ್ಟು ಒಣಾ?"

ಯೋಚಿಸದೆ ಹೇಳಿದೆ: "ಅಷ್ಟೇ."

"ಹಂಗಾರ ಸೂಟಿನಾಗ ರೊಟ್ಟಿ ಇಟ್ಟು ನೋಡೇಬಿಡೂಣ್ರಿ. ಖಡಕ್ ಇದ್ರ ಸ್ವೆಟರ್ ಬ್ಯಾಡ. ಮೆತ್ತಗಾತಂದ್ರ ಹಾಕ್ಕೋಬೇಕು."

ಎಂ.ಎಸ್ಸಿ.ಯಲ್ಲಿ ಇಂಥ ಪರೀಕ್ಷೆ ಇರಲಿಲ್ಲ. ಒಪ್ಪಿಕೊಂಡು ಬಂದೆ. ಬೆವರಿಗೂ ರೊಟ್ಟಿ ಮೆತ್ತಗಾಗಬಹುದು ಎಂಬುದು ಬಸ್ಸಿನಲ್ಲಿ ಹೊಳೆಯಿತು.

ಕಿಸೆ

ಪರೀಕ್ಷೆಯ ದಿನ ಆಕೆಯೂ ತೊಟ್ಟಿಯ ಬಳಿಗೆ ಬಂದಳು. ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಮರದ ಕೆಳಗೆ ಕೂತಳು. ಡೈವರ್ ಇಳಿದ. ನಮ್ಮ ಸಾರ್ ಗುಳ್ಳೆ ನೋಡುತ್ತಿದ್ದರು. ಆಕೆ ನನ್ನನ್ನು ನೋಡುತ್ತಿದ್ದಳು.

ವಾಲ್ವ್ ಬಿಡಿಸಿ ಮೇಲೆ ಬಂದ. ತಾನೇ ಮೆಟ್ಟಿಲು ಹತ್ತಿದ. ತಲೆ ತಿರುಗಲಿಲ್ಲ. ಸೂಟಿನ ಹೊರಗನ್ನು ತೊಳೆದು, ಒರೆಸಿ, ಜಿಪ್ ಎಳೆದರೆ ಎದೆಯ ಮೇಲೆ ಬದನೆಕಾಯಿ ಬಣ್ಣ.

"ಮಳ್ಳೀ ಸ್ವೆಟರಾ!" ಸಾರ್ ಕೂಗಿದರು. ಮತ್ತೆ ಸ್ವೆಟರಾ ಅಂತ.

"ಸ್ವೆಟರ್ ಅಲ್ರಿ ಸಾರ್," ಎಂದ ಡೈವರ್. "ಕಿಸೆ."

ಉಳಿದ ಉಣ್ಣೆಯಲ್ಲಿ ಕಿಸೆ ಹೆಣೆದು ಮೂರನೇ ನಂಬರಿಗೆ ಹೊಲಿದಿದ್ದಳು. ಒಳಗೆ ಬಟ್ಟೆಯಲ್ಲಿ ಗಂಟು ಕಟ್ಟಿದ ಅಂಗೈಯಷ್ಟು ರೊಟ್ಟಿ.

"ಎದಿಗೆ ಭಾಳ ಚುಚ್ಚಿತ್ರಿ," ಎಂದ ಅವನು ಮೆಲ್ಲಗೆ, ನನಗಷ್ಟೇ ಕೇಳುವಂತೆ.

ಆಕೆ ಗಂಟು ಬಿಚ್ಚಿದಳು. ಮುಖ ಬಾಡಿತು. "ಅಯ್ಯ, ಮುರದೈತ್ರಿ."

"ಮೆತ್ತಗಾದ ರೊಟ್ಟಿ ಮುರಿಯುವುದಿಲ್ಲಮ್ಮ," ಎಂದೆ. "ಬಾಗುತ್ತದೆ."

ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಟಂ ಎಂದದ್ದು ನಮಗೆಲ್ಲ ಕೇಳಿಸಿತು. ಗಂಡನನ್ನು ನೋಡಿ ನಕ್ಕಳು. ನಾನು ಅವಳ ನಗುವನ್ನು ನೋಡಿದ್ದು ಅದೇ ಮೊದಲು. ಸ್ವೆಟರನ್ನು ನನ್ನ ಕೈಗಿಟ್ಟಳು. "ನಿಮ್ಮ ಎಸಿ ಖೋಲ್ಯಾಗ ಹಾಕ್ಕೋರಿ ಅಕ್ಕಾರ. ನೀವು ಭಾಳ ಬಡಕಾಗೀರಿ."

ಸಾರ್ ಕೈ ಚಾಚಿ ಒಂದು ಚೂರು ತೆಗೆದುಕೊಂಡು, ಚಟ್ನಿ ಇಲ್ಲವಾ ಎಂದು ಕೇಳಿದರು. ಪರೀಕ್ಷೆ ಎಂದ ಮೇಲೆ ಫಲಿತಾಂಶ ಬೇಕು. ಬಟ್ಟೆಯನ್ನು ದಂಡೆಯ ಮೇಲೆ ಹರಡಿ ಎಣಿಸಿದೆ. ತಿಂದ ಎರಡು ಬಿಟ್ಟು, ಹನ್ನೊಂದು ಚೂರು, ಎಲ್ಲವೂ ಖಡಕ್.