ತಲೆ ಮೇಲಿನ ಬಂದೋಬಸ್ತು

ಬೀಗದ ಕಾರ್ಖಾನೆಯ ಮ್ಯಾನೇಜರರಿಗೆ ಅವರ ಅಳಿಯ ಬೆಂಕಿಪೆಟ್ಟಿಗೆಗಿಂತ ಒಂದು ಬೆರಳೂ ದೊಡ್ಡದಿರದ ಪುಟಾಣಿ ಕ್ಯಾಮೆರಾ ಒಂದನ್ನು ಉಡುಗೊರೆ ಕೊಟ್ಟದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ನೀರಲ್ಲಿ ಮುಳುಗಿದರೂ, ಕಲ್ಲಿಗೆ ಬಡಿದರೂ ಚಿತ್ರ ತೆಗೆಯುತ್ತಲೇ ಇರುವ ಕ್ಯಾಮೆರಾ ಅದು. ಅಂಥದ್ದೊಂದು ಕೈಗೆ ಬಂದ ಮೇಲೆ ಮುಳುಗುವುದಕ್ಕೂ ಬಡಿಸಿಕೊಳ್ಳುವುದಕ್ಕೂ ಯಾರಾದರೂ ಬೇಕಲ್ಲ? ಕಚೇರಿಯವರನ್ನೆಲ್ಲ ರಜೆಯ ದಿನ ಹೊಳೆಗೆ ಕರೆದೊಯ್ದು, ನೊರೆ ಹಾರುವ ಇಳಿಜಾರಿನಲ್ಲಿ ರಬ್ಬರ್ ದೋಣಿ ನಡೆಸಲು ಹಚ್ಚಿ, ಒಗ್ಗಟ್ಟು ಬೆಳೆಸುವುದೆಂದು ಮ್ಯಾನೇಜರರು ತೀರ್ಮಾನಿಸಿದರು.

ಬೆಳಿಗ್ಗೆ ವ್ಯಾನು ಹೊಳೆದಂಡೆಯಲ್ಲಿ ನಿಂತ ಕೂಡಲೇ ಅವರು ಆ ಕ್ಯಾಮೆರಾದ ಡಬ್ಬಿಯನ್ನು ಜೋಪಾನಪ್ಪನ ಕೈಗಿಟ್ಟರು.

ಜೋಪಾನಪ್ಪ ಉಗ್ರಾಣದ ಗುಮಾಸ್ತ. ಒಂಬತ್ತು ವರ್ಷಗಳಿಂದ ಯಾರಿಗೆ ಏನು ಎತ್ತಿಕೊಟ್ಟರೂ "ಜೋಪಾನ ಕಣಪ್ಪ, ಜೋಪಾನ" ಎಂದು ಹೇಳಿಯೇ ಕೊಡುತ್ತಿದ್ದ. ಹಾಗಾಗಿ ಆ ಹೆಸರು ಅಂಟಿಕೊಂಡು, ನಿಜವಾದ ಹೆಸರು ಅವನ ಹೆಂಡತಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ. ಉಗ್ರಾಣದ ಮೇಲ್ವಿಚಾರಕರು ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಆ ಕುರ್ಚಿಯ ಮೇಲೆ ಅವನು ಕಣ್ಣಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಅದರ ಬೆತ್ತದಲ್ಲಿ ಎಷ್ಟು ತೂತುಗಳಿವೆ ಎಂಬುದೂ ಅವನಿಗೆ ಗೊತ್ತಿತ್ತು.

"ಇದು ನಿಮ್ಮ ಹೆಲ್ಮೆಟ್ ಮೇಲೆ ಕೂರ್ಬೇಕು ಜೋಪಾನಪ್ಪ" ಎಂದರು ಮ್ಯಾನೇಜರರು. "ಅಳಿಯ ಕೊಟ್ಟಿದ್ದು. ಕಳೆದುಹೋದ್ರೆ ಮಗಳ ಮನೆ ಕಡೆ ನಾನು ತಲೆಹಾಕೋ ಹಾಗಿಲ್ಲ."

"ಹೌದು ಸಾರ್, ತಲೆಹಾಕೋ ಹಾಗಿಲ್ಲ" ಎಂದ ಪಕ್ಕದಲ್ಲಿದ್ದ ಮಾರಾಟ ವಿಭಾಗದವನು. ಮ್ಯಾನೇಜರರು ಸೀನಿದರೂ ಹೌದು ಸಾರ್ ಎನ್ನುವ ಇವನಿಗೆ ಕಾರ್ಖಾನೆಯಲ್ಲಿ ಹೌದ್ಸಾರ್ ಎಂದೇ ಹೆಸರು.

ದೋಣಿ ನಡೆಸುವ ಹೆಂಗಸು, ಎಲ್ಲರೂ ದೋಣಿ ಅಕ್ಕ ಎನ್ನುತ್ತಿದ್ದ ಗಟ್ಟಿಮುಟ್ಟಾದ ಆಳು, ಡಬ್ಬಿ ಬಿಚ್ಚಿ ನೋಡಿದಳು. ಒಳಗೆ ಅಂಟಿನ ಬಿಲ್ಲೆಗಳು ಎರಡಿದ್ದವು, ಒಂದು ಚಪ್ಪಟೆ, ಒಂದು ಬಾಗಿದ್ದು. ಅವಳು ಹೆಲ್ಮೆಟ್ಟನ್ನು ಒರೆಸಿ, ಸ್ಪಿರಿಟ್ ಹಚ್ಚಿ ಮತ್ತೆ ಒರೆಸಿ, ಬಾಗಿದ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಈ ಅಂಟು ಗಟ್ಟಿಯಾಗೋಕೆ ಪೂರ್ತಿ ಒಂದು ದಿನ ಬೇಕು ಅಣ್ಣ. ನಿನ್ನೆನೇ ಹಚ್ಚಬೇಕಿತ್ತು. ಇರ್ಲಿ, ಒಂದು ದಾರ ಕಟ್ತೀನಿ. ಬಿಲ್ಲೆ ಕಿತ್ತು ಬಂದ್ರೂ ಕ್ಯಾಮೆರಾ ದಾರದಲ್ಲಿ ನೇತಾಡುತ್ತೆ. ಇಷ್ಟು ಸಾಕು."

ಇಷ್ಟು ಸಾಕು ಎಂಬ ಮಾತನ್ನು ಬೀಗದ ಕಾರ್ಖಾನೆಯವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಅಂಟು ನಂಬ್ಕೊಂಡು ಹೊಳೆಗಿಳಿಯೋದಾ?" ಎಂದು ಫಿಟ್ಟರ್ ಮೇಸ್ತ್ರಿ ಮುಂದೆ ಬಂದ. ಅವನು ಮದುವೆ ಮನೆಗೆ ಹೋದರೂ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಹೋಗುವವನು. ವ್ಯಾನಿನ ಕೆಳಗಿನಿಂದ ಪೈಪಿಗೆ ಹಾಕುವ ಕ್ಲ್ಯಾಂಪೊಂದನ್ನು ಬಿಚ್ಚಿ ತಂದು, ಹೆಲ್ಮೆಟ್ಟಿನ ಗಾಳಿ ತೂತುಗಳಲ್ಲಿ ತೂರಿಸಿ ಬಿಗಿದ. ವ್ಯಾನಿನ ಡ್ರೈವರು ಹಾ ಎಂದು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಟೈಪಿಸ್ಟಮ್ಮನಿಗೂ ಸುಮ್ಮನಿರಲಾಗಲಿಲ್ಲ. "ಕಬ್ಬಿಣ ಜಾರುತ್ತೆ ಕಣ್ರೀ. ಹೊಲಿದ್ರೆ ಮಾತ್ರ ನಿಲ್ಲೋದು" ಎನ್ನುತ್ತ ಚೀಲದಿಂದ ಗೋಣಿಸೂಜಿ, ನೈಲಾನ್ ದಾರ ತೆಗೆದು ಹಾಸಿಗೆ ಹೊಲಿದ ಹಾಗೆ ಹೊಲಿದರು.

"ಟೇಪ್ ಸುತ್ತಿದ್ರೆ ಹೇಗೆ?" ಎಂದರು ಮ್ಯಾನೇಜರರು.

"ಹೌದು ಸಾರ್!" ಎಂದ ಹೌದ್ಸಾರ್. ಕರಿ ಟೇಪಿನ ಒಂದು ಉಂಡೆ ಪೂರ್ತಿ ಖಾಲಿಯಾಯಿತು. ಚಿತ್ರ ಶುರುಮಾಡುವ ಕೆಂಪು ಗುಂಡಿ ಒತ್ತಿದ್ದೇವೋ ಇಲ್ಲವೋ ಎಂದು ಕೊನೆಯ ಸುತ್ತಿಗೆ ಮುಂಚೆ ಯಾರಿಗೋ ನೆನಪಾದದ್ದು ಪುಣ್ಯ. ಒತ್ತಿ, ಅದರ ಮೇಲೂ ಸುತ್ತಿದರು. ಕಡೆಗೆ ಮ್ಯಾನೇಜರರೇ ತಮ್ಮ ಕಾರ್ಖಾನೆಯ ಹೊಸ ಮಾದರಿಯ ಬೀಗ ಹಾಗೂ ಸರಪಳಿ ತಂದು ಕ್ಯಾಮೆರಾದ ನಡುವಿಗೆ ಸುತ್ತಿ, ಕ್ಲಿಕ್ಕೆನಿಸಿ, ಬೀಗದ ಕೈಯನ್ನು ತಮ್ಮ ಚಡ್ಡಿಯ ಜೇಬಿಗೆ ಹಾಕಿಕೊಂಡರು.

ದೋಣಿ ಅಕ್ಕ ಹಣೆ ಚಚ್ಚಿಕೊಂಡಳು. "ಕಲ್ಲಿಗೆ ಸಿಕ್ಕಿಕೊಂಡ್ರೆ ಕ್ಯಾಮೆರಾ ಕಿತ್ತು ಬರ್ಬೇಕು ಅಣ್ಣ, ಕತ್ತು ಅಲ್ಲ!"

ಜೋಪಾನಪ್ಪನಿಗೆ ಆ ಕತ್ತು ತನ್ನದೆಂಬುದು ಆಗ ಹೊಳೆಯಿತು. ಆದರೆ ಅಷ್ಟು ಹೊತ್ತಿಗೆ ಹೆಲ್ಮೆಟ್ ತಲೆಗೇರಿ, ಕತ್ತು ಅವನ ಮಾತು ಕೇಳುತ್ತಿರಲಿಲ್ಲ. ತಲೆ ಎತ್ತಿದರೆ ಹಿಂದಕ್ಕೆ ವಾಲುತ್ತಿತ್ತು, ಇಳಿಸಿದರೆ ಮುಂದಕ್ಕೆ, ಒಂಟಿ ಕಡ್ಡಿಯ ಮೇಲೆ ಕುಂಬಳಕಾಯಿ ಇಟ್ಟ ಹಾಗೆ. ಕನ್ನಡಕವನ್ನೂ ವ್ಯಾನಿನಲ್ಲಿ ಬಿಟ್ಟಿದ್ದನಾದ್ದರಿಂದ ಲೋಕವೆಲ್ಲ ಒದ್ದೆ ಬಣ್ಣದ ಚಿತ್ರದಂತೆ ಕಾಣುತ್ತಿತ್ತು.

ದೋಣಿ ಹೊರಟಿತು. ಮುಂದೆ ಮ್ಯಾನೇಜರರು, ಅವರ ಪಕ್ಕ ಜೋಪಾನಪ್ಪ. ಹಿಂದೆ ಹೌದ್ಸಾರ್, ಮೇಸ್ತ್ರಿ, ಟೈಪಿಸ್ಟಮ್ಮ. ಕೊನೆಯಲ್ಲಿ ಹುಟ್ಟು ಹಿಡಿದ ದೋಣಿ ಅಕ್ಕ. ಮೊದಲ ಇಳಿಜಾರಿನಲ್ಲಿ ಎಲ್ಲರೂ ಕೂಗಿದರು. ಎರಡನೆಯದರಲ್ಲಿ ಕೂಗು ನಿಂತಿತು. ಮೂರನೆಯದರ ತಲೆಯಲ್ಲಿ "ಎಡಕ್ಕೆ ಹಾಕಿ!" ಎಂದು ದೋಣಿ ಅಕ್ಕ ಕಿರುಚಿದಳು. "ಇಲ್ಲ, ಬಲಕ್ಕೆ!" ಎಂದರು ಮ್ಯಾನೇಜರರು. "ಹೌದು ಸಾರ್!" ಎಂದು ಹೌದ್ಸಾರ್ ಬಲಕ್ಕೆ ಹಾಕಿದ. ದೋಣಿ ಎಡಕ್ಕೂ ಹೋಗದೆ, ಬಲಕ್ಕೂ ಹೋಗದೆ, ದೋಸೆ ಮಗುಚಿದಷ್ಟು ಸಲೀಸಾಗಿ ಮಗುಚಿಕೊಂಡಿತು.

ಜೋಪಾನಪ್ಪ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮೂಗಿನಲ್ಲಿ ನೀರು, ಕಿವಿಯಲ್ಲಿ ಮೊರೆತ. ಕೈಗೆ ಕಿತ್ತಳೆ ಬಣ್ಣದ ಏನೋ ಸಿಕ್ಕಿತು. ದೋಣಿಯೂ ಕಿತ್ತಳೆ ಬಣ್ಣದ್ದೇ. ಸದ್ಯ ದೋಣಿಯ ಅಂಚು ಸಿಕ್ಕಿತೆಂದು ಅದನ್ನು ಉಡದ ಹಾಗೆ ಬಿಗಿಯಾಗಿ ಹಿಡಿದು, ಸತ್ತೆನೋ ಕೆಟ್ಟೆನೋ ಎಂದು ಕಾಲು ಬಡಿಯತೊಡಗಿದ. ಪ್ರಾಣ ಹೋಗುವುದು ಖಚಿತವೆನಿಸಿದಾಗ ಒಂಬತ್ತು ವರ್ಷಗಳಿಂದ ನುಂಗಿಕೊಂಡಿದ್ದ ಮಾತೆಲ್ಲ ನೀರಿನ ಜೊತೆಗೇ ಬಾಯಿಂದ ಹೊರಬಂತು.

"ಬಚ್ಚಲಲ್ಲಿ ಕಾಲು ಜಾರೋ ಮನುಷ್ಯ ಹೊಳೆ ಗೆಲ್ಲೋಕೆ ಹೊರಟ! ಏನು ಮ್ಯಾನೇಜರೋ ಏನು ಕರ್ಮವೋ! ಬ್ಳುಬ್ಳುಬ್ಳು... ಸಿಡುಕು ಮೂತಿ! ಕಾರ್ಖಾನೇನೂ ಹೀಗೇ ನಡೆಸ್ತಾನೆ, ಬಲ್ಲವರು ಎಡ ಅಂದ್ರೆ ಇವನು ಬಲ! ಬ್ಳುಬ್ಳು... ಕೀಲಿಕೈಯೇ ಇಲ್ಲದ ಬೀಗ! ಅಮ್ಮಾ!"

ಕಾಲಿಗೆ ಮರಳು ತಗುಲಿತು. ಹಿಡಿದದ್ದನ್ನು ಬಿಟ್ಟು, ನಾಲ್ಕು ಕಾಲಿನಲ್ಲಿ ದಡಕ್ಕೆ ತೆವಳಿ, ಬೋರಲು ಬಿದ್ದು ಕೆಮ್ಮಿದ. ಉಳಿದವರು ಅವರವರ ಪ್ರಾಣ ಹಿಡಿದುಕೊಂಡು ಅಲ್ಲಲ್ಲಿ ದಡ ಸೇರಿದ್ದರು. ಅವನು ತಲೆಯೆತ್ತಿದಾಗ ಸ್ವಲ್ಪ ದೂರದಲ್ಲಿ ಮ್ಯಾನೇಜರರು ಮರಳ ಮೇಲೆ ಕೂತಿದ್ದರು, ಹೌದ್ಸಾರ್ ಅವರ ಬೆನ್ನು ಉಜ್ಜುತ್ತಿದ್ದ.

"ಕ್ಯಾಮೆರಾ?" ಎಂದರು ಮ್ಯಾನೇಜರರು, ಮೊದಲ ಮಾತಾಗಿ.

ಎಲ್ಲರೂ ನೋಡಿದರು. ಹುಟ್ಟುಗಳು ಹೋಗಿದ್ದವು, ಜೋಪಾನಪ್ಪನ ಒಂದು ಚಪ್ಪಲಿ ಹೋಗಿತ್ತು, ಮ್ಯಾನೇಜರರ ಜೇಬಿನ ಬೀಗದ ಕೈ ಹೋಗಿತ್ತು. ಕ್ಯಾಮೆರಾ ಮಾತ್ರ ಗೂಟ ಹೊಡೆದಂತೆ ಅವನ ತಲೆಯ ಮೇಲೆ ಕೂತು ಇನ್ನೂ ನೋಡುತ್ತಿತ್ತು.

"ಭೇಷ್!" ಎಂದರು ಮ್ಯಾನೇಜರರು. "ಊಟ ಆದ್ಮೇಲೆ ಹೋಟೆಲಿನ ದೊಡ್ಡ ಟಿವಿಯಲ್ಲಿ ಎಲ್ಲರೂ ಕೂತು ನೋಡೋಣ. ಇದು ಬರೀ ಚಿತ್ರ ಅಲ್ಲ, ಒಂದೊಂದು ಮಾತೂ ಕೇಳಿಸುತ್ತೆ ಅಂದಿದ್ದಾನೆ ಅಳಿಯ."

ಜೋಪಾನಪ್ಪ ತಟ್ಟನೆ ಹೆಲ್ಮೆಟ್ಟಿನ ಮೇಲೆ ಕೈ ಇಟ್ಟ. ಒಂದೊಂದು ಮಾತು! ಸಿಡುಕು ಮೂತಿ! ಕೀಲಿಕೈಯೇ ಇಲ್ಲದ ಬೀಗ!

ಹೋಟೆಲಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವನು ಹೊಟ್ಟೆನೋವೆಂದು ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಕಕ್ಕಸಿಗೆ ಓಡಿ ಚಿಲಕ ಹಾಕಿದ. ಬೆಳಿಗ್ಗೆ ಇದು ಬೀಳದಿರಲಿ ಎಂದು ಕೈಮುಗಿದವನು ಈಗ ಇದು ಕಿತ್ತು ಬರಲಿ ಎಂದು ಹಲ್ಲು ಕಚ್ಚಿ ಎಳೆದ. ಎರಡು ಕಾಲುಗಳ ನಡುವೆ ಹೆಲ್ಮೆಟ್ ಇಟ್ಟು ಎಳೆದ. ನಲ್ಲಿಗೆ ಸಿಕ್ಕಿಸಿ ಜೋತುಬಿದ್ದ. ನಲ್ಲಿ ಕಿತ್ತು ಬಂತು, ಕ್ಯಾಮೆರಾ ಬರಲಿಲ್ಲ. ಬೆಳಿಗ್ಗೆ ಯಾರೂ ನಂಬದಿದ್ದ ಅಂಟು ಕೂಡ ಈಗ ಹಠಕ್ಕೆ ಬಿದ್ದು ಕಚ್ಚಿಕೊಂಡಿತ್ತು.

"ಜೋಪಾನಪ್ಪ, ಹುಷಾರಾಗಿದ್ದೀರಾ?" ಎಂದು ಹೊರಗಿನಿಂದ ಮೇಸ್ತ್ರಿ ಕೂಗಿದ. "ಬಾಗಿಲು ಬಿಚ್ಚಬೇಕಾದ್ರೆ ಹೇಳಿ, ಸ್ಪ್ಯಾನರ್ ಇದೆ."

"ಬೇಡ! ಬೇಡ ಮೇಸ್ತ್ರೀ! ಬಂದೆ!"

ಚಿಮ್ಮುವ ನೀರಿಗೆ ಒಂದು ಅಂಗೈ ಒತ್ತಿ, ಇನ್ನೊಂದು ಕೈಯ ಉಗುರಿನಿಂದ ಟೇಪಿನ ಒಂದು ಮೂಲೆ ಕೆರೆದ. ಸರಪಳಿಯ ಸಂದಿಯಲ್ಲಿ ಚಿಕ್ಕ ಮುಚ್ಚಳವೊಂದು ಕಂಡಿತು. ಅದನ್ನು ಮೀಟಿದಾಗ, ತೆಗೆದ ಚಿತ್ರವೆಲ್ಲ ತುಂಬಿಕೊಳ್ಳುವ ಉಗುರಿನಷ್ಟಗಲದ ಚಿಪ್ಪು ಹೊರಬಂತು. ಹಿಂದುಮುಂದು ನೋಡದೆ ಕಕ್ಕಸಿನ ಗುಂಡಿಗೆ ಹಾಕಿ, ಸರ್ರನೆ ನೀರು ಬಿಟ್ಟ. ಒಂಬತ್ತು ವರ್ಷಗಳ ನೌಕರಿ ಉಳಿಯಿತು. ಟೇಪನ್ನು ಮತ್ತೆ ಒತ್ತಿ, ತೊಯ್ದ ಬಟ್ಟೆಯಲ್ಲೇ ನಗುತ್ತ ಹೊರಬಂದ.

ಒಳಗೆ ಮ್ಯಾನೇಜರರು ಎದ್ದು ನಿಂತು ಮಾತಾಡುತ್ತಿದ್ದರು.

"ಒಂದು ವಿಷಯ ಹೇಳ್ಬೇಕು. ನೀರಲ್ಲಿ ನಾನು ಮುಳುಗಿಯೇ ಹೋಗ್ತಿದ್ದೆ. ಹಿಂದಿನಿಂದ ಯಾರೋ ನನ್ನ ಲೈಫ್ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ದಡದವರೆಗೂ ತಳ್ಕೊಂಡು ಬಂದ್ರು. ಮುಖ ನೋಡಲಾಗಲಿಲ್ಲ. ಯಾರಪ್ಪ ಅದು?"

ಜೋಪಾನಪ್ಪ ನಿಂತಲ್ಲೇ ನಿಂತ. ಲೈಫ್ ಜಾಕೆಟ್ಟೂ ಕಿತ್ತಳೆ ಬಣ್ಣದ್ದೇ... ಹಾಗಾದರೆ ತಾನು ಹಿಡಿದದ್ದು ದೋಣಿಯಲ್ಲವೆ?

"ನಾನೇ ಸಾರ್" ಎಂದ ಹೌದ್ಸಾರ್, ನಾಚಿಕೊಂಡು. "ಹೇಳಬಾರದು ಅಂತಿದ್ದೆ."

"ನೀವೇನಾ?" ಮ್ಯಾನೇಜರರ ಹುಬ್ಬು ಮೇಲೇರಿತು. "ಹಾಗಾದ್ರೆ ನನ್ನ ಕಿವಿ ಹಿಂದೆ ಸಿಡುಕು ಮೂತಿ, ಕೀಲಿಕೈ ಇಲ್ಲದ ಬೀಗ ಅಂತ ಬೈದಿದ್ದೂ ನೀವೇ!"

ಹೌದ್ಸಾರ್‌ನ ಮುಖ ಸುಣ್ಣ ಬಳಿದಂತಾಯಿತು. ಬಾಯಿ ತೆರೆಯಿತು, ಅವನಿಗೆ ಗೊತ್ತಿದ್ದ ಎರಡೇ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. ಸುಳ್ಳಿಗೆ ತಕ್ಕ ಶಾಸ್ತಿ ಎಂದು ಜೋಪಾನಪ್ಪ ಒಳಗೊಳಗೇ ಕುಣಿದ.

ಮ್ಯಾನೇಜರರು ನಡೆದು ಬಂದು ಹೌದ್ಸಾರ್‌ನನ್ನು ಬಾಚಿ ತಬ್ಬಿಕೊಂಡರು.

"ಇಪ್ಪತ್ತು ವರ್ಷದಲ್ಲಿ ಒಬ್ಬರೂ ನನಗೆ ನಿಜ ಹೇಳಿರಲಿಲ್ಲ ಕಣಯ್ಯ! ಎಡಕ್ಕೆ ಅಂದಾಗ ಬಲಕ್ಕೆ ಅಂದಿದ್ದು ನಂದೇ ತಪ್ಪು. ಪ್ರಾಣ ಉಳಿಸ್ತಾನೇ ನನ್ನ ತಪ್ಪು ಹೇಳಿದೆಯಲ್ಲ, ಅದು ಗಂಡಸುತನ! ಉಗ್ರಾಣದ ಮೇಲ್ವಿಚಾರಕನ ಹುದ್ದೆ ನಿನಗೇ."

"ಸಾರ್!" ಎಂದು ಜೋಪಾನಪ್ಪ ಮೇಜಿನ ಮೇಲೆ ಬಿದ್ದ. "ಬೈದಿದ್ದು ನಾನು ಸಾರ್! ದೇವರಾಣೆ ನಾನೇ ಬೈದಿದ್ದು!"

"ಹುದ್ದೆ ಅಂದ ತಕ್ಷಣ ಎಲ್ಲರೂ ಬೈದವರೇ!" ಎಂದು ಮ್ಯಾನೇಜರರು ನಕ್ಕರು. "ಇರ್ಲಿ, ಕ್ಯಾಮೆರಾನೇ ಇದೆಯಲ್ಲ. ಮೇಸ್ತ್ರಿ, ಬಿಚ್ಚಿ."

ಮೇಸ್ತ್ರಿ ವ್ಯಾನಿನಿಂದ ಕಟರ್ ತಂದು ಸರಪಳಿ ಕತ್ತರಿಸಿದ, ಕ್ಲ್ಯಾಂಪ್ ಬಿಚ್ಚಿದ. ಟೈಪಿಸ್ಟಮ್ಮ ಹೊಲಿಗೆ ಕಿತ್ತರು. ಅರ್ಧ ಗಂಟೆಯ ಬಳಿಕ ಕ್ಯಾಮೆರಾ ಕೈಗೆ ಬಂತು. ಮುಚ್ಚಳ ತೆರೆದಿತ್ತು, ಒಳಗೆ ಖಾಲಿ.

"ಚಿಪ್ಪೆಲ್ಲಿ?"

"ಹೊ... ಹೊಳೇಲಿ ಬಿದ್ದಿರಬೇಕು ಸಾರ್."

"ಇಷ್ಟು ಬಂದೋಬಸ್ತಿನಲ್ಲೂ?"

ಜೋಪಾನಪ್ಪನಿಗೆ ಉಳಿದದ್ದು ಒಂದೇ ದಾರಿ. ಎದೆಯುಬ್ಬಿಸಿ, ಕಣ್ಣುಮುಚ್ಚಿ ಶುರುಮಾಡಿದ. "ಬಚ್ಚಲಲ್ಲಿ ಕಾಲು ಜಾರೋ ಮನುಷ್ಯ ಹೊಳೆ ಗೆಲ್ಲೋಕೆ ಹೊರಟ! ಏನು ಮ್ಯಾನೇಜರೋ ಏನು ಕರ್ಮವೋ..."

"ನಿಲ್ಲಿಸ್ರೀ!" ಮ್ಯಾನೇಜರರು ಮೇಜು ಗುದ್ದಿದರು. "ಮುಳುಗ್ತಾ ಬೈದ್ರೆ ಅದು ನಿಜ. ಹೋಟೆಲಲ್ಲಿ ನೆರಳಲ್ಲಿ ನಿಂತು ಬೈದ್ರೆ ಅದು ಉದ್ಧಟತನ! ಸೋಮವಾರ ನನ್ನ ಮೇಜಿನ ಮೇಲೆ ವಿವರಣೆ ಇರ್ಬೇಕು."

ಅಷ್ಟರಲ್ಲಿ ಹೋಟೆಲಿನ ಯಜಮಾನ ಬಂದು, ಕಕ್ಕಸಿನ ನಲ್ಲಿ ಕಿತ್ತವರು ಯಾರೆಂದು ಕೇಳಿದ. ಈ ಬಾರಿ ಮಾತ್ರ ಎಲ್ಲರೂ ತಡಮಾಡದೆ ಜೋಪಾನಪ್ಪನ ಕಡೆ ಬೆರಳು ತೋರಿಸಿದರು.

ವ್ಯಾನು ಮರಳಿ ಹೊರಟಾಗ ಹೌದ್ಸಾರ್ ಮೆಲ್ಲಗೆ ಬಂದು ಅವನ ಪಕ್ಕದಲ್ಲಿ ಕೂತ.

"ಬೇಜಾರು ಮಾಡ್ಕೋಬೇಡಿ ಜೋಪಾನಪ್ಪ. ನಂಗೂ ಕಷ್ಟ ಬಂದಿದೆ. ಇನ್ಮೇಲೆ ತಿಂಗಳಿಗೊಂದು ಸಲ ಹಾಗೇ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಂತೆ, ಮ್ಯಾನೇಜರ್ ಹಠ. ನಂಗೆ ಬೈಯೋಕೆ ಎಲ್ಲಿ ಬರುತ್ತೆ? ನೀವು ಬರೆದುಕೊಟ್ರೆ ಬಾಯಿಪಾಠ ಮಾಡ್ಕೊಂಡು ಹೇಳ್ತೀನಿ. ನಿಮ್ಮ ಮೇಲಧಿಕಾರಿ ಅಂತ ಕೇಳ್ತಿಲ್ಲ, ತಮ್ಮ ಅಂತ ತಿಳ್ಕೊಳ್ಳಿ."

ಜೋಪಾನಪ್ಪ ಉಳಿದ ಒಂಟಿ ಚಪ್ಪಲಿಯನ್ನು ಸೀಟಿನ ಕೆಳಗೆ ತಳ್ಳಿದ. ಆಮೇಲೆ ಕನ್ನಡಕ ಏರಿಸಿಕೊಂಡು, ಟೈಪಿಸ್ಟಮ್ಮನ ಹತ್ತಿರ ಒಂದು ಪೆನ್ನು ಇಸಿದುಕೊಂಡ.

"ಎಷ್ಟು ಪುಟ ಬೇಕು?" ಎಂದ.