ತೊಂಬತ್ತು ಡಿಗ್ರಿಯ ವರ

ನಾಲ್ಕನೇ ಇಯತ್ತೆ ಓದಿದ್ದೇನೆ. ಲೆಕ್ಕದಲ್ಲಿ ಒಂದು ಮಾತು ಮಾತ್ರ ನನಗೆ ಖಚಿತ: ಕಡಿಮೆಗಿಂತ ಹೆಚ್ಚು ಯಾವಾಗಲೂ ಮೇಲು.

ಮುಳಗುಂದದ ಒಂದು ಹೆಣ್ಣಿಗೆ ನನ್ನ ಫೋಟೋ ಕಳಿಸುವುದಿತ್ತು. ಪಕ್ಕದ ಮನೆಯ ಈರಪ್ಪನೂ ಅದೇ ಹೆಣ್ಣಿಗೆ ತನ್ನದನ್ನು ಕಳಿಸುವವನಿದ್ದ. ಬೇಕೆಂತಲೇ ನನಗೆ ತಂದು ತೋರಿಸಿದ. ಹೊಟ್ಟೆ ಉರಿಯಿತು. ಆ ಬದನೆಕಾಯಿ ಮೂಗಿನವನು ಸಿನಿಮಾ ನಟನಂತೆ ಕಾಣುತ್ತಿದ್ದ!

“ಹೆಂಗ ಬಂತಲೇ ಇದು?”

“ನಲವತ್ತೈದು ಡಿಗ್ರಿ ತಿರುಗಿ ಕುಂತಿದ್ನಿ,” ಎಂದು ಮೀಸೆ ತೀಡಿದ.

ಡಿಗ್ರಿ ಎಂದರೆ ಎಂಥ ಮಾಲು ಎಂದು ನನಗೆ ತಿಳಿಯದು. ಆದರೆ ಅವನಿಗೆ ನಲವತ್ತೈದಾದರೆ ನಾನೇನು ಕಡಿಮೆ? ಮರುದಿನವೇ ಅವನು ಫೋಟೋ ತೆಗೆಸಿದ್ದ ಗದಗಿನ ಸ್ಟುಡಿಯೋಕ್ಕೇ ಹೋಗಿ ಸ್ಟೂಲಿನ ಮೇಲೆ ಕುಳಿತೆ.

“ತೊಂಬತ್ತು ಹಾಕ್ರಿ.”

ಫೋಟೋದವರು ಕರಿಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದರು. “ತಮ್ಮಾ, ತೊಂಬತ್ತಂದ್ರ ಗ್ವಾಡಿ ಮೂಲಿ ಇದ್ಹಂಗ. ಪೂರ್ತಿ ಅಡ್ಡ ಆಗ್ತಿ. ಒಂದ ಕಣ್ಣ ಕಾಣ್ತೈತಿ.”

“ಈರ್ಯಾಗ ಕೊಟ್ಟಿದ್ದರ ಡಬಲ್ ಕೊಡ್ರಿ. ಮಾತ ಬ್ಯಾಡ.”

“ಹಂಗಾದ್ರ ನೂರಾ ಎಂಬತ್ತ ತಗೋ, ಬೆನ್ನ ಬರತೈತಿ. ಮುನ್ನೂರಾ ಅರವತ್ತ ತಗೊಂಡ್ರ ಗರಗರ ತಿರುಗಿ ಮತ್ತ ಇಲ್ಲೇ ಬರ್ತಿ!”

ನಾನು ಅತಿಯಾಸೆಯವನಲ್ಲ. ತೊಂಬತ್ತಕ್ಕೇ ತೃಪ್ತನಾದೆ.

ಸ್ವಲ್ಪ ದಿನಕ್ಕೆ ಮುಳಗುಂದದಿಂದ ಖಬರು ಬಂತು. ಅವ್ವ ಹಣೆ ಬಡಿದುಕೊಂಡಳು. “ಹುಡುಗಗ ಇನ್ನೊಂದ ಕಣ್ಣ ಐತೋ ಇಲ್ಲೋ ಅಂತ ಕೇಳ್ಯಾರಲೇ!”

ಇಷ್ಟೇ ತಾನೆ? ಓಡಿಹೋಗಿ ಆಚೆ ಕಡೆಗೆ ತೊಂಬತ್ತು ತಿರುಗಿ ಇನ್ನೊಂದು ಫೋಟೋ ತೆಗೆಸಿ ಕಳಿಸಿದೆ. ತೊಂಬತ್ತಕ್ಕೆ ತೊಂಬತ್ತು ಕೂಡಿಸಿದರೆ ಪೂರ್ತಿ ಮುಖ! ಈರಪ್ಪ ಸತ್ತ!

ಅದಕ್ಕೂ ಉತ್ತರ ಬಂತು: “ಒಕ್ಕಣ್ಣಿನ ಅಣ್ಣತಮ್ಮರೊಳಗ ಯಾರನ್ನ ನಮಗ ತೋರಸಾಕತ್ತೀರಿ?”

ಕೊನೆಗೆ ಹೆಣ್ಣಿನ ಅಪ್ಪ ತಾವೇ ನೋಡಲು ಬಂದರು. ನನ್ನ ಎರಡೂ ಕಣ್ಣು ಅವರಿಗೆ ಕಾಣಲೇಬೇಕು! ಎದುರಿಗೆ ಕುಳಿತು, ಕತ್ತನ್ನು ಒಂದು ಡಿಗ್ರಿಯೂ ಅಲುಗಿಸದೆ ಅವರನ್ನೇ ದಿಟ್ಟಿಸಿದೆ. ಬಲಗಡೆ ಅವ್ವ ಚಹಾ ಹಿಡಿದಳು. ತಿರುಗಲಿಲ್ಲ. ಎಡಗಡೆ ಬಾಗಿಲಲ್ಲಿ ಈರಪ್ಪ ಬಂದು, “ನಮಸ್ಕಾರ್ರೀ” ಎಂದ. ಸುಡುಗಾಡು ಮೋರೆ! ತಿರುಗಲಿಲ್ಲ. ಹೆಣ್ಣಿನ ಅಪ್ಪ ಮಾತ್ರ ತಿರುಗಿದರು.

ಹೊರಡುವಾಗ ಅವ್ವನಿಗೆ ಮೆಲ್ಲಗೆ ಹೇಳಿದರು: “ಕಣ್ಣ ಎರಡೂ ಅದಾವ ಬಿಡ್ರಿ ಅಕ್ಕಾರ. ಆದ್ರ ಪಾಪ, ಕುತ್ತಿಗಿನ ತಿರುಗುದಿಲ್ಲ.”

ಮುಳಗುಂದಕ್ಕೆ ಈರಪ್ಪನ ಮದುವೆಗೆ ಹೋಗಿದ್ದೆ. ಎರಡೂ ಕಣ್ಣಿನಿಂದ ನೋಡಿದೆ. ಒಂದೇ ಇದ್ದಿದ್ದರೆ ಅರ್ಧ ಹೊಟ್ಟೆಯುರಿಯಾದರೂ ಕಡಿಮೆಯಾಗುತ್ತಿತ್ತು!